ಮೂರು ಅಲನಿನ್, ನಡುವಿನದು ಉಲ್ಟಾ

ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನೋಟ್ಸಿಗೆ ಬೇಕಾದ ಅಣುಗಳ ರಚನೆಗಳನ್ನು ಕೆಮ್‌ಸ್ಕೆಚ್ ಎಂಬ ತಂತ್ರಾಂಶದಲ್ಲಿ ನಾನೇ ಬರೆದುಕೊಳ್ಳುವುದು ರೂಢಿ.

ಮೊದಲ ಸಲ ಪೆಪ್ಟೈಡ್, ಅಂದರೆ ಅಮೈನೊ ಆಮ್ಲಗಳ ಸರಪಳಿ ಬರೆದಾಗ ಅಲನಿನ್ ಎಂಬ ಅಮೈನೊ ಆಮ್ಲದ ಎಲ್ ರೂಪವನ್ನೇ ಮೂರು ಸಲ ಜೋಡಿಸಿದ್ದೆ. ಎಲ್, ಡಿ ಎಂದರೆ ಒಂದಕ್ಕೊಂದು ಕನ್ನಡಿಯ ಬಿಂಬದಂಥ ರೂಪಗಳು. ಎಡಕ್ಕೆ ಅಮೈನೊ ತುದಿ, ಬಲಕ್ಕೆ ಕಾರ್ಬಾಕ್ಸಿಲ್ ತುದಿ, ನಡುವೆ ಅಂಕುಡೊಂಕು ಸರಪಳಿ, ಅಲನಿನ್‌ನ ಪಕ್ಕದ ಗುಂಪಾದ ಮೀಥೈಲ್ ಮೂರಕ್ಕೂ ವೆಜ್ ಬಾಂಡ್, ಅಂದರೆ ಹಾಳೆಯಿಂದ ನಮ್ಮ ಕಡೆಗೆ ಚಾಚಿದ ದಪ್ಪ ಗೆರೆ. ಮೂರೂ ಎಲ್ ಅಂದಮೇಲೆ ಮೂರಕ್ಕೂ ವೆಜ್ಜೇ ಎಂದುಕೊಂಡಿದ್ದೆ. ಕ್ಲಾಸಿನಲ್ಲಿ ಪರದೆಗೆ ಹಾಕಿದ ಕೂಡಲೇ ಜಗಳೂರು ಕಡೆಯ ಹುಡುಗನೊಬ್ಬ ಎದ್ದು ನಿಂತ: "ಮೇಡಂ, ನಡೂದು ಆರ್ ಬರ್ತೈತಲ್ರಿ?" ಲೆಕ್ಕ ಹಾಕಿದೆ. ಹೌದು, ನಡುವಿನದು ಡಿ-ಅಲನಿನ್ ಆಗಿತ್ತು. (ಆರ್, ಎಸ್ ಎಂದರೆ ಪರಮಾಣು ಸಂಖ್ಯೆಯ ಪ್ರಕಾರ ಗುಂಪುಗಳಿಗೆ ಸ್ಥಾನ ಕೊಟ್ಟು, ಅವು ಕಾರ್ಬನ್ನಿನ ಸುತ್ತ ಯಾವ ದಿಕ್ಕಿಗೆ ಸುತ್ತುತ್ತವೆ ಎಂದು ಹೇಳುವ ಗುರುತು; ಅಲನಿನ್‌ನಲ್ಲಿ ಎಲ್ ಅಂದರೆ ಎಸ್, ಡಿ ಅಂದರೆ ಆರ್.)

ಕಾರಣ ಸರಪಳಿಯಲ್ಲೇ ಇದೆ. ಒಂದೊಂದು ಅಮೈನೊ ಆಮ್ಲವೂ ಸರಪಳಿಗೆ ಮೂರು ಪರಮಾಣು ಕೊಡುತ್ತದೆ: ನೈಟ್ರೋಜನ್, ಪಕ್ಕದ ಗುಂಪು ಹೊತ್ತ ಆಲ್ಫಾ ಕಾರ್ಬನ್, ಕಾರ್ಬೊನಿಲ್ ಕಾರ್ಬನ್. ಮೂರು ಬೆಸ ಸಂಖ್ಯೆಯಾದ್ದರಿಂದ ಆಲ್ಫಾ ಕಾರ್ಬನ್ ಒಮ್ಮೆ ಮೇಲಿನ ಮೂಲೆಗೆ, ಮುಂದಿನ ಸಲ ಕೆಳಗಿನ ಮೂಲೆಗೆ ಬರುತ್ತದೆ. ಅಮೈನೊ ತುದಿ ಎಡಕ್ಕಿದ್ದರೆ ಎಲ್ ರೂಪದಲ್ಲಿ ಮೇಲಕ್ಕೆ ಚಾಚಿದ ಗುಂಪಿಗೆ ವೆಜ್, ಕೆಳಕ್ಕೆ ಇಳಿದದ್ದಕ್ಕೆ ಡ್ಯಾಶ್, ಅಂದರೆ ಹಾಳೆಯ ಹಿಂದಕ್ಕೆ ಹೋಗುವ ತುಂಡು ಗೆರೆ. ನನ್ನ ಚಿತ್ರ ವೆಜ್, ಡ್ಯಾಶ್, ವೆಜ್ ಆಗಬೇಕಿತ್ತು.

ಈಗ ಕಡ್ಡಿ-ಗುಂಡಿನ ಮಾದರಿಯನ್ನು ಮಕ್ಕಳ ಕೈಗೇ ಕೊಡುತ್ತೇನೆ. ಆಲ್ಫಾ ಕಾರ್ಬನ್ನಿನ ಹೈಡ್ರೋಜನ್ ಕಣ್ಣಿನ ಕಡೆಗಿರಲಿ. ಕಾರ್ಬಾಕ್ಸಿಲ್, ಪಕ್ಕದ ಗುಂಪು, ನೈಟ್ರೋಜನ್ ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಎಲ್. ಸಿಒ, ಆರ್ (ಇಲ್ಲಿ ಪಕ್ಕದ ಗುಂಪಿನ ಸಂಕೇತ), ಎನ್ ಸೇರಿದರೆ ಇಂಗ್ಲಿಷಿನ ಕಾರ್ನ್, ಅಂದರೆ ಮೆಕ್ಕೆಜೋಳ. ನಮ್ಮ ಜಿಲ್ಲೆಯ ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಬೇಕಿಲ್ಲ!

ಬರೆದು ಮುಗಿಸಿದ ಮೇಲೆ ತಂತ್ರಾಂಶದಿಂದ ಆರ್, ಎಸ್ ಗುರುತು ಹಾಕಿಸಿ, ಹೆಸರನ್ನೂ ಬರೆಸಿ ನೋಡುತ್ತೇನೆ. ಸಿಸ್ಟೀನ್ ಬಂದಾಗ ಮಾತ್ರ ಗಾಬರಿ ಬೇಡ. ಎಲ್-ಸಿಸ್ಟೀನ್‌ಗೆ ಆರ್ ಎಂದೇ ಬರುತ್ತದೆ, ಅದು ಸರಿ. ಗಂಧಕದ ಪರಮಾಣು ಸಂಖ್ಯೆ 16, ಆಮ್ಲಜನಕದ್ದು 8; ಹಾಗಾಗಿ ಗಂಧಕ ಹೊತ್ತ ಪಕ್ಕದ ಗುಂಪು ಕಾರ್ಬಾಕ್ಸಿಲ್‌ಗಿಂತ ಮೇಲಿನ ಸ್ಥಾನ ಪಡೆಯುತ್ತದೆ. ಗ್ಲೈಸಿನ್‌ಗೆ ಯಾವ ಗುರುತೂ ಇಲ್ಲ.

ನನಗೆ ಹೆಚ್ಚು ಕಳವಳ ಐಸೊಲ್ಯೂಸಿನ್‌ನದು. ಅದರಲ್ಲಿ ಎರಡು ಕೈರಲ್ ಕಾರ್ಬನ್, ಅಂದರೆ ನಾಲ್ಕು ಬೇರೆ ಬೇರೆ ಗುಂಪು ಹೊತ್ತ ಕಾರ್ಬನ್ ಇವೆ. ಎಲ್ ರೂಪ 2ಎಸ್, 3ಎಸ್, ಅಂದರೆ ಎರಡನೇ, ಮೂರನೇ ಕಾರ್ಬನ್ ಎರಡೂ ಎಸ್. ಅದನ್ನು ಡಿ ಮಾಡಬೇಕೆಂದು ಆಲ್ಫಾ ಕಾರ್ಬನ್ನಿನ ಬಾಂಡ್ ಒಂದನ್ನೇ ತಿರುಗಿಸಿದರೆ ಡಿ-ಐಸೊಲ್ಯೂಸಿನ್ ಸಿಗುವುದಿಲ್ಲ, ಡಿ-ಅಲೊಐಸೊಲ್ಯೂಸಿನ್ ಎಂಬ ಬೇರೆಯೇ ಅಣು ಸಿಗುತ್ತದೆ. ಎರಡನ್ನೂ ತಿರುಗಿಸಬೇಕು. ಥ್ರಿಯೊನಿನ್‌ದೂ ಇದೇ ಕಥೆ.

ಒಂದು ಗೆರೆಗೆ ಇಷ್ಟೆಲ್ಲ ಯಾಕೆ ಮೇಡಂ ಎಂದವರಿಗೆ ಆಸ್ಪರ್ಟೇಮ್ ಎಂಬ ಕೃತಕ ಸಿಹಿಕಾರಕವನ್ನು ಬರೆದು ತೋರಿಸುತ್ತೇನೆ. ಆಸ್ಪಾರ್ಟಿಕ್ ಆಮ್ಲ, ಫಿನೈಲ್ಅಲನಿನ್ ಎರಡೂ ಎಲ್ ಇದ್ದಾಗ ಅದು ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಫಿನೈಲ್ಅಲನಿನ್‌ನ ಆ ಒಂದು ಗೆರೆ ವೆಜ್ಜಿನಿಂದ ಡ್ಯಾಶಿಗೋ ಡ್ಯಾಶಿನಿಂದ ವೆಜ್ಜಿಗೋ ಬದಲಾದರೆ ನಾಲಿಗೆಗೆ ಕಹಿ.