ಪಿಟಿಗೆ ಮೊದಲ ಸಲ ಹೊರಟಿದ್ದೀರಾ?

ಅಮೆರಿಕಕ್ಕೆ ಬಂದ ಹೊಸತರಲ್ಲಿ ಸೊಂಟ ಹಿಡಿದುಕೊಂಡರೆ ಯಾರಾದರೂ ಒಬ್ಬರು ‘ಪಿಟಿಗೆ ಹೋಗಿ’ ಅನ್ನುತ್ತಾರೆ. ಪಿಟಿ ಅಂದರೆ ಫಿಸಿಕಲ್ ಥೆರಪಿ, ನಾವು ಫಿಸಿಯೋಥೆರಪಿ ಅನ್ನುತ್ತಿದ್ದೆವಲ್ಲ, ಅದೇ. ಆಸ್ಪತ್ರೆಗಳಲ್ಲೂ ಇರುತ್ತದೆ, ಥೆರಪಿಸ್ಟೇ ಸ್ವಂತವಾಗಿ ನಡೆಸುವ ಸಣ್ಣ ಕ್ಲಿನಿಕ್ಕುಗಳೂ ಇರುತ್ತವೆ. ನಾನು ಹೇಳುತ್ತಿರುವುದು ಈ ಸಣ್ಣವುಗಳ ವಿಷಯ.

ಡಾಕ್ಟರ ಚೀಟಿ ಇಲ್ಲದೆ ಹೋಗಬಹುದೇ? 50 ರಾಜ್ಯಗಳಲ್ಲೂ ಒಂದಲ್ಲ ಒಂದು ಬಗೆಯಲ್ಲಿ ಹೋಗಬಹುದು, ಮಿತಿ ಮಾತ್ರ ಬೇರೆ ಬೇರೆ. ನ್ಯೂಯಾರ್ಕಿನಲ್ಲಿ 10 ಭೇಟಿ ಅಥವಾ 30 ದಿನ, ಕ್ಯಾಲಿಫೋರ್ನಿಯಾದಲ್ಲಿ 12 ಭೇಟಿ ಅಥವಾ 45 ದಿನ, ಯಾವುದು ಮೊದಲು ಮುಗಿಯುತ್ತದೋ ಅದು. ಆದರೆ ಕಾನೂನು ಬಿಟ್ಟರೂ ಇನ್ಶೂರೆನ್ಸಿನವರು ಬಿಡಬೇಕಲ್ಲ! ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ಕೇಳಿಬಿಡಿ: ಈ ಕ್ಲಿನಿಕ್ ಇನ್-ನೆಟ್‌ವರ್ಕಾ (ಅವರ ಒಪ್ಪಂದದ ಪಟ್ಟಿಯಲ್ಲಿದೆಯಾ), ರೆಫರಲ್ (ಡಾಕ್ಟರ ಚೀಟಿ) ಬೇಕಾ, ವರ್ಷಕ್ಕೆ ಎಷ್ಟು ವಿಸಿಟ್, ಡಿಡಕ್ಟಿಬಲ್ (ಇನ್ಶೂರೆನ್ಸಿನವರು ಕೊಡಲು ಶುರುಮಾಡುವ ಮುಂಚೆ ವರ್ಷಕ್ಕೆ ನಾವೇ ಕೈಯಿಂದ ಕಟ್ಟಬೇಕಾದ ಮೊತ್ತ) ಎಷ್ಟು ಉಳಿದಿದೆ. ಅದು ತುಂಬುವವರೆಗೆ ಬಿಲ್ ಪೂರ್ತಿ ನಿಮ್ಮ ತಲೆಗೇ ಬರಬಹುದು. ನಾನು ಏನೂ ಕೇಳದೆ ಆರು ಸಲ ಹೋಗಿಬಂದವನು. ಬಿಲ್ ಕೈಗೆ ಬಂದ ದಿನ ಸೊಂಟನೋವು ಮರೆತೇಹೋಗಿತ್ತು. ಇನ್ಶೂರೆನ್ಸ್ ಇಲ್ಲದವರು ಅಂದಾಜು ಖರ್ಚನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. 2022ರಿಂದ ಅದು ನಿಮ್ಮ ಹಕ್ಕು.

ಮೊದಲ ದಿನ ಹೆಚ್ಚಾಗಿ ಮಾತು ಮತ್ತು ಪರೀಕ್ಷೆ. ಫಾರಂಗಳೇ ಒಂದು ರಾಶಿ ಇರುತ್ತವೆ, ಸ್ವಲ್ಪ ಮುಂಚೆ ಹೋಗಿ. ನೋವಿನ ಜಾಗ ಕಾಣುವಂಥ ಸಡಿಲ ಬಟ್ಟೆ ಹಾಕಿಕೊಳ್ಳಿ. ಬಗ್ಗಿಸಿ, ತಿರುಗಿಸಿ, ನಡೆಸಿ ನೋಡುತ್ತಾರೆ. ಕೀಲು ಎಷ್ಟು ಮಡಚುತ್ತದೆ ಎಂದು ಅಳೆಯುತ್ತಾರೆ. ಹೆಸರಿನ ಮುಂದೆ ಡಾಕ್ಟರ್ ಎಂದಿದ್ದರೆ ಅದು ಅವರ ಡಿಪಿಟಿ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ) ಪದವಿ, ಮಾತ್ರೆ ಬರೆದುಕೊಡಲಿ ಎಂದು ಕಾಯಬೇಡಿ.

ನಮ್ಮವರು ಎಡವುವುದು ಇಲ್ಲಿಯೇ. ‘ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು?’ ಅಂದರೆ ‘ಪರವಾಗಿಲ್ಲ, ಎರಡು’ ಅನ್ನುತ್ತೇವೆ, ರಾತ್ರಿಯೆಲ್ಲ ಮಗ್ಗುಲು ಬದಲಿಸಲಾಗದೆ ಒದ್ದಾಡಿದ್ದರೂ! ಸಂಕೋಚ ಬಿಟ್ಟುಬಿಡಿ. ಅಂಕಿಗಿಂತ ನೋವಿನ ಬಗೆ ಮುಖ್ಯ: ಚುಚ್ಚುತ್ತದೋ, ಸೆಳೆಯುತ್ತದೋ, ಉರಿಯುತ್ತದೋ. ಜೋಮು ಹಿಡಿಯುತ್ತಿದ್ದರೆ ‘ಪಿನ್ಸ್ ಆಂಡ್ ನೀಡಲ್ಸ್’ ಅನ್ನಿ. ನರಕ್ಕೆ ಒತ್ತಡವಿದೆಯೇ ಎಂದು ನೋಡಲು ಅದೇ ಸುಳಿವು. ಬೆನ್ನುನೋವಿನ ಜೊತೆ ತೊಡೆಸಂದಿಯಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಪಿಟಿ ಬೇಡ, ತಕ್ಷಣ ಎಮರ್ಜೆನ್ಸಿಗೆ ಓಡಿ.

‘ನಿಮ್ಮ ಗುರಿ ಏನು?’ ಎಂದೂ ಕೇಳುತ್ತಾರೆ. ‘ನೋವು ಹೋಗಬೇಕು’ ಎಂದರೆ ಸಾಲದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು ಎಂದರೆ ಅದನ್ನೇ ಹೇಳಿ, ಕೂತು ತೋರಿಸಿ. ಹೇಳದಿದ್ದರೆ ಕುರ್ಚಿಯಿಂದ ಏಳುವಷ್ಟು ಮಂಡಿ ಮಡಚಿದರೆ ಸಾಕು ಅಂದುಕೊಂಡುಬಿಡಬಹುದು.

ಮುಂದಿನ ಭೇಟಿಗಳಲ್ಲಿ ಪಿಟಿಎ, ಅಂದರೆ ಅಸಿಸ್ಟೆಂಟ್, ವ್ಯಾಯಾಮ ಮಾಡಿಸಬಹುದು, ಅದು ಸರಿಯೇ. ಆದರೆ ಪ್ರತಿ ಸಲವೂ ಬಿಸಿ ಪ್ಯಾಕ್ ಇಟ್ಟು ಒಂದು ಮೂಲೆಯಲ್ಲಿ ಮಲಗಿಸಿ ಹೋಗುತ್ತಿದ್ದರೆ ಕ್ಲಿನಿಕ್ ಬದಲಿಸಿ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ, ಇಲ್ಲವಾದರೆ ಶುಲ್ಕ ಹಾಕುವವರಿದ್ದಾರೆ. ಮನೆಯಲ್ಲಿ ಮಾಡಲು ಕೊಟ್ಟ ವ್ಯಾಯಾಮ ಮಾಡದೇ ಹೋದರೆ ಮುಚ್ಚಿಡಬೇಡಿ. ಮೊದಲ ಎರಡು ಚಲನೆಯಲ್ಲೇ ಅವರಿಗೆ ಗೊತ್ತಾಗಿರುತ್ತದೆ.