ಅನಾಟಮಿ ಮೇಷ್ಟ್ರ ಸಂಘಕ್ಕೆ ಸೇರುವ ಮುಂಚೆ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ

ನಾಲಿಗೆಯ ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಹುಳಿ, ಹಿಂದೆ ಕಹಿ. ಎಂಟು ವರ್ಷ ನಾನು ಬೋರ್ಡಿನ ಮೇಲೆ ಈ ನಕ್ಷೆ ಬರೆದಿದ್ದೇನೆ. ಪರೀಕ್ಷೆಯಲ್ಲಿ ಕೇಳಿ ಅಂಕವನ್ನೂ ಕೊಟ್ಟಿದ್ದೇನೆ. ಒಂದು ಸಮ್ಮೇಳನದ ಟೀ ಬಿಡುವಿನಲ್ಲಿ ಹಿರಿಯ ಮೇಡಂ ಒಬ್ಬರು ನನ್ನ ಪೋಸ್ಟರ್ ನೋಡಿ ಮೆಲ್ಲಗೆ ಹೇಳಿದರು: “ಚೂರು ಸಕ್ಕರೆ ನಾಲಿಗೆ ಹಿಂದಕ್ಕೆ ಹಾಕಿಕೊಂಡು ನೋಡಿದ್ದೀರಾ ಸರ್?” ನೋಡಿರಲಿಲ್ಲ. 1901ರ ಒಂದು ಜರ್ಮನ್ ಅಧ್ಯಯನವನ್ನು ಆಮೇಲಿನವರು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರಿಂದ ಹುಟ್ಟಿದ ನಕ್ಷೆ ಅದು. ರುಚಿಮೊಗ್ಗು ಇರುವ ಕಡೆಯೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ, ವ್ಯತ್ಯಾಸ ತೀರಾ ಕಮ್ಮಿ.

ನಮ್ಮಲ್ಲಿ ಅನಾಟಮಿ ಅಂದರೆ ದೇಹದ ರಚನೆ, ಫಿಸಿಯಾಲಜಿ ಅಂದರೆ ದೇಹ ಕೆಲಸ ಮಾಡುವ ಬಗೆ, ಇವೆರಡನ್ನೂ ಪಾಠ ಮಾಡುವವನು ನಾನೊಬ್ಬನೇ. ನಾನು ತಪ್ಪು ಹೇಳಿದರೆ ಹಿಡಿಯುವವರು ಯಾರು? ವಿದ್ಯಾರ್ಥಿಗಳಂತೂ ಬರೆದುಕೊಂಡು ಹೋಗುತ್ತಾರೆ. ಸಂಘಕ್ಕೆ ಸೇರಿ ಅಂತ ನಾನು ಹೇಳುವುದು ಇದಕ್ಕೇ. ಬಯೋಡೇಟಾದಲ್ಲಿ ಒಂದು ಸಾಲು ಜಾಸ್ತಿ ಆಗುತ್ತದೆ ಅಂತ ಸೇರುವವರಿಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ.

ಯಾವ ಸಂಘ ಅನ್ನುವುದು ಮೊದಲ ಕೆಲಸ. ಅಮೆರಿಕನ್ ಫಿಸಿಯಲಾಜಿಕಲ್ ಸೊಸೈಟಿ 1887ರದ್ದು. ಮುಖ್ಯವಾಗಿ ಸಂಶೋಧಕರ ಸಂಘ, ಆದರೆ ಪಾಠ ಮಾಡುವವರಿಗೆಂದೇ ಒಂದು ಪತ್ರಿಕೆ ತರುತ್ತದೆ. ಅನಾಟಮಿಯವರ ಅಮೆರಿಕನ್ ಸಂಘ ಅದರ ಮರುವರ್ಷ ಹುಟ್ಟಿತು. ಎರಡೂ ವಿಷಯ ಒಟ್ಟಿಗೆ ಕಲಿಸುವ ಕಾಲೇಜು ಮೇಷ್ಟ್ರುಗಳಿಗಾಗಿಯೇ ಇರುವುದು 1989ರಲ್ಲಿ ಶುರುವಾದ ಹ್ಯೂಮನ್ ಅನಾಟಮಿ ಅಂಡ್ ಫಿಸಿಯಾಲಜಿ ಸೊಸೈಟಿ. ಎಲ್ಲರೂ ಅದನ್ನು ಹ್ಯಾಪ್ಸ್ ಅನ್ನುತ್ತಾರೆ. ಹೆಸರು ನೋಡಿ ನಿರ್ಧಾರ ಮಾಡಬೇಡಿ. ಹೋದ ಸಲದ ಸಮ್ಮೇಳನದ ಕಾರ್ಯಕ್ರಮಪಟ್ಟಿ ತೆಗೆದು ಎಣಿಸಿ. ಕಲಿಸುವ ಬಗ್ಗೆ ಎಷ್ಟು ಗೋಷ್ಠಿ, ಲ್ಯಾಬಿನ ಸಂಶೋಧನೆ ಬಗ್ಗೆ ಎಷ್ಟು? ನಿಮಗೆ ಬೇಕಾದದ್ದು ಅರ್ಧಕ್ಕಿಂತ ಕಮ್ಮಿ ಇದ್ದರೆ ಅದನ್ನು ಬಿಟ್ಟು ಬೇರೆ ಸಂಘ ನೋಡಿ.

ದುಡ್ಡು ಕಟ್ಟುವ ಮುಂಚೆ ಪುಕ್ಕಟೆ ಸಿಗುವುದನ್ನು ಓದಿ ಮುಗಿಸಿ. ‘ಹ್ಯಾಪ್ಸ್ ಎಜುಕೇಟರ್’ ಪತ್ರಿಕೆ ಸದಸ್ಯರಲ್ಲದವರಿಗೂ ತೆರೆದಿದೆ. ಆಮೇಲೆ ಶುಲ್ಕ ನೋಡಿ. ವಿದ್ಯಾರ್ಥಿಗಳಿಗೆ, ನಿವೃತ್ತರಿಗೆ, ಕೆಲವು ಕಡೆ ಪಾರ್ಟ್‌ಟೈಮ್ ಮೇಷ್ಟ್ರಿಗೂ ಕಡಿಮೆ ದರ ಇರುತ್ತದೆ. ಕೇಳದಿದ್ದರೆ ಪೂರ್ತಿ ದರವೇ ಬೀಳುತ್ತದೆ. ಸಮ್ಮೇಳನಕ್ಕೆ ಹೋಗುವುದಿದ್ದರೆ ಸದಸ್ಯರ ದರಕ್ಕೂ ಹೊರಗಿನವರ ದರಕ್ಕೂ ಇರುವ ಅಂತರ ಲೆಕ್ಕ ಹಾಕಿ. ಎಷ್ಟೋ ಸಲ ಸದಸ್ಯತ್ವದ ಖರ್ಚು ಅಲ್ಲೇ ವಾಪಸ್ ಬಂದುಬಿಡುತ್ತದೆ.

ಈಗ ಮುಖ್ಯ ವಿಷಯ. ಮೊದಲೆರಡು ವರ್ಷ ನಾನು ಸುಮ್ನೆ ದುಡ್ಡು ಕಟ್ಟಿದೆ, ಅಷ್ಟೇ. ಪತ್ರಿಕೆ ಬಂದರೆ ಪಕ್ಕಕ್ಕೆ ಇಟ್ಟೆ. ಮೂರನೇ ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಪ್ರಶ್ನೆ ಬರೆದೆ: “ನೆಗೆಟಿವ್ ಫೀಡ್‌ಬ್ಯಾಕ್ ಅಂದರೆ ದೇಹಕ್ಕೆ ಕೆಟ್ಟದ್ದು ಅಂತ ಹುಡುಗರು ಯಾಕೆ ಬರೆಯುತ್ತಾರೆ?” ನಿಜದಲ್ಲಿ ಅದು ದೇಹದ ಉಷ್ಣತೆಯಂಥದ್ದು ಏರುಪೇರಾದಾಗ ದೇಹವೇ ಅದನ್ನು ಮತ್ತೆ ಹದಕ್ಕೆ ತರುವ ವ್ಯವಸ್ಥೆ. ಆ ಪ್ರಶ್ನೆ ಹಿಡಿದುಕೊಂಡೇ ಸಮ್ಮೇಳನಕ್ಕೆ ಹೋದೆ. ಸಿಕ್ಕಿದವರನ್ನೆಲ್ಲ ಕೇಳಿದೆ. ನಾಲ್ವರಿಗೆ ಇದೇ ತೊಂದರೆ ಇತ್ತು! ಒಬ್ಬರು ದಾರಿ ಹೇಳಿದರು. ಮೊದಲ ದಿನ ಆ ಹೆಸರನ್ನೇ ಎತ್ತಬೇಡಿ. ಒಬ್ಬ ಹುಡುಗ ಬಾಗಿಲ ಕಡೆ ನಡೆಯಲಿ, ಒಬ್ಬಳು ಅವನು ಎಷ್ಟು ದೂರ ಹೋದ ಅಂತ ನೋಡಲಿ, ಮತ್ತೊಬ್ಬ ಏನು ಮಾಡಬೇಕು ಅಂತ ತೀರ್ಮಾನಿಸಲಿ, ಇನ್ನೊಬ್ಬಳು ಅವನನ್ನು ಹಿಂದಕ್ಕೆ ಎಳೆಯಲಿ. ಹೋದ ದಿಕ್ಕಿಗೆ ವಿರುದ್ಧ ಎಳೆತ, ಅದಕ್ಕೇ ‘ನೆಗೆಟಿವ್’. ಹೆಸರು ಕೊನೆಗೆ ಬರಬೇಕು. ಮುಂದಿನ ಪರೀಕ್ಷೆಯಲ್ಲಿ ಆ ತಪ್ಪು ಬರೆದವರು ಇಬ್ಬರೇ.

ಸಮ್ಮೇಳನದಲ್ಲಿ ದೊಡ್ಡ ಭಾಷಣಗಳಿಗಿಂತ ವರ್ಕ್‌ಶಾಪ್‌ಗಳನ್ನು ಆರಿಸಿಕೊಳ್ಳಿ. ಭಾಷಣದ ಸಾರ ಆಮೇಲೂ ಓದಬಹುದು, ಕೈಯಲ್ಲಿ ಮಾಡಿ ನೋಡಿದ್ದು ಹಾಗಲ್ಲ. ಒಂದು ಕಡೆ ಎಲ್ಲರಿಗೂ ಒಂದು ದಪ್ಪ ಸ್ಟ್ರಾ, ಒಂದು ಸಪೂರ ಸ್ಟ್ರಾ ಕೊಟ್ಟು ನೀರು ಹೀರಿ ಅಂದರು. ಪ್ರೊಫೆಸರುಗಳೆಲ್ಲ ಕೆನ್ನೆ ಒಳಕ್ಕೆ ಎಳೆದುಕೊಂಡು ಕೂತ ದೃಶ್ಯ ಮರೆಯುವಂಥದ್ದಲ್ಲ. ನಳಿಕೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ಹರಿವಿಗೆ ಅಡ್ಡಿ 16 ಪಟ್ಟು ಏರುತ್ತದೆ. ರಕ್ತನಾಳ ಸ್ವಲ್ಪ ಕಿರಿದಾದರೂ ಅಷ್ಟು ಪರಿಣಾಮ ಯಾಕೆ ಅಂತ ಆಮೇಲೆ ನಾನು ಸೂತ್ರ ಬರೆದು ವಿವರಿಸಬೇಕಾಗಿಲ್ಲ.

ಇನ್ನೊಂದು ಲಾಭ ಮೀಟಿಂಗುಗಳಲ್ಲಿ ಗೊತ್ತಾಗುತ್ತದೆ. ಲ್ಯಾಬ್ ಅವಧಿ ಕಡಿತ ಮಾಡೋಣ ಅಂತ ಮೇಲಿನವರು ಹೊರಟಾಗ “ನನಗೆ ಬೇಡ ಅನ್ನಿಸುತ್ತೆ” ಅಂದರೆ ಯಾರೂ ಕೇಳುವುದಿಲ್ಲ. ಸಂಘ ಸಿದ್ಧಪಡಿಸಿದ ಕಲಿಕಾ ಗುರಿಗಳ ಪಟ್ಟಿ ಮೇಜಿನ ಮೇಲೆ ಇಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ. ಪಠ್ಯ ಉದ್ದವಾಯಿತು, ಯಾವುದನ್ನು ಬಿಡಲಿ ಅಂತ ಒದ್ದಾಡುವವರಿಗೆ 2011ರಲ್ಲಿ ಫಿಸಿಯಾಲಜಿ ಮೇಷ್ಟ್ರುಗಳನ್ನೇ ಕೇಳಿ ಮಾಡಿದ 15 ಮೂಲತತ್ವಗಳ ಪಟ್ಟಿಯೂ ಇದೆ.

ಎರಡನೇ ವರ್ಷ ಒಂದು ಸಮಿತಿಗೆ ಸೇರಿ, ಚಿಕ್ಕದಾದರೂ ಸರಿ. ಪರೀಕ್ಷೆಯ ಪ್ರಶ್ನೆ ತಿದ್ದುವುದು, ಪೋಸ್ಟರ್ ಆರಿಸುವುದು, ಹೀಗೆ. ಮುಖಪರಿಚಯ ಸ್ನೇಹವಾಗುವುದು ಅಲ್ಲೇ.

ಸದಸ್ಯತ್ವ ನವೀಕರಿಸುವ ಹೊತ್ತಿಗೆ ನಾನು ಆ ನೋಟ್‌ಬುಕ್ ತೆಗೆಯುತ್ತೇನೆ. ಈ ವರ್ಷ ಸಂಘದಿಂದಾಗಿ ಯಾವ ಪಾಠ ಬದಲಾಯಿತು? ಒಂದೂ ಇಲ್ಲದಿದ್ದರೆ ಆ ವರ್ಷ ಕಟ್ಟುವುದಿಲ್ಲ. ಒಮ್ಮೆ ಹಾಗೆ ಬಿಟ್ಟಿದ್ದೆ. ಮರುವರ್ಷ ಹೊಸ ಪ್ರಶ್ನೆ ಸಿಕ್ಕಿತು, ಮತ್ತೆ ಕಟ್ಟಿದೆ.