ಶನಿವಾರ ಹೊರಟ ವಿಮಾನ ಸೋಮವಾರ ಇಳಿದರೆ ಲೆಕ್ಕ ಹಾಕುವುದು ಹೇಗೆ?

ಮಗ ಸ್ಯಾನ್ ಫ್ರಾನ್ಸಿಸ್ಕೊದಿಂದ ಕಳಿಸಿದ ಟಿಕೆಟ್ಟನ್ನು ನಮ್ಮ ದೊಡ್ಡಮ್ಮ ಎರಡು ಸಲ ಓದಿಸಿಕೊಂಡರು. ಶನಿವಾರ ರಾತ್ರಿ ಎಂಟೂವರೆಗೆ ಹೊರಟು, ಬೆಂಗಳೂರಿಗೆ ಬರುವುದು ಸೋಮವಾರ ಬೆಳಗಿನ ಜಾವ. ‘ಎರಡು ರಾತ್ರಿ ಆಕಾಶದಲ್ಲೇ ಇರ್ತಾನಾ?’ ಎಂದು ಆತಂಕಪಟ್ಟರು. ಇಲ್ಲ, ಹದಿನೇಳು ಗಂಟೆ ಅಷ್ಟೆ. ಗ್ಲೋಬ್ ಮತ್ತು ದಾರ ಇಟ್ಟುಕೊಂಡು ಅವರಿಗೆ ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದೂರ. ಗೋಡೆಯ ಭೂಪಟ ಬೇಡ. ದುಂಡಗಿನ ಭೂಮಿಯನ್ನು ಹಿಗ್ಗಿಸಿ ಚಪ್ಪಟೆ ಮಾಡಿರುವುದರಿಂದ ಅಳತೆ ತಪ್ಪುತ್ತದೆ. ಮಕ್ಕಳ ಗ್ಲೋಬ್, ಹೂ ಕಟ್ಟುವ ದಾರ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ತನಕ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಜಾರಿ ಹತ್ತಿರದ ದಾರಿಗೆ ಕೂರುತ್ತದೆ. ಅದು ಉತ್ತರಕ್ಕೆ ಹತ್ತಿ, ಟಿಬೆಟ್, ಸೈಬೀರಿಯಾ, ಅಲಾಸ್ಕ ದಾಟಿ ಇಳಿದದ್ದನ್ನು ದೊಡ್ಡಮ್ಮ ಬೆರಳಿನಿಂದ ಸವರಿ ಸವರಿ ನೋಡಿದರು.

ಅದೇ ದಾರವನ್ನು ಸಮಭಾಜಕ ವೃತ್ತದ ಸುತ್ತ ಹಾಯಿಸಿ ಅಳೆಯಿರಿ. ಭೂಮಿಯ ಆ ಸುತ್ತಳತೆ ಸುಮಾರು 40,000 ಕಿ.ಮೀ. ನಮ್ಮ ಗ್ಲೋಬಿನದು 94 ಸೆಂ.ಮೀ.; ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ನಮ್ಮ ದಾರ 33 ಸೆಂ.ಮೀ. ಬಂತು. ದೂರ ಸುಮಾರು 14,000 ಕಿ.ಮೀ.

ವಿಮಾನ ದಾರದಷ್ಟು ನೇರವಾಗಿ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ 10,000 ಅಡಿಗೆ ಇಳಿಸಬೇಕಾಗುತ್ತದೆ. ಹಿಮಾಲಯ, ಟಿಬೆಟ್ ಮೇಲೆ ಬಹುಪಾಲು ನೆಲವೇ ಅದಕ್ಕಿಂತ ಎತ್ತರ; ಅಷ್ಟು ಕೆಳಗೆ ಬರಲು ಜಾಗವೇ ಇಲ್ಲ. ಹಾಗಾಗಿ ಆ ಭಾಗವನ್ನು ಸಾಧ್ಯವಾದಷ್ಟೂ ಬಿಟ್ಟು ಸುತ್ತುಹಾಕಿಕೊಂಡು ಹೋಗುತ್ತಾರೆ. ನಾನು ನೂರಕ್ಕೆ ಐದರಷ್ಟು ದೂರ ಕೂಡಿಸುತ್ತೇನೆ: 14,700. ಗಂಟೆಗೆ 900 ಕಿ.ಮೀ. ವೇಗವೆಂದರೆ ಹದಿನಾರು ಗಂಟೆ ಇಪ್ಪತ್ತು ನಿಮಿಷ. ಏರಲು, ಇಳಿಯಲು, ರನ್‌ವೇಗೆ ಸಾಗಲು ಅರ್ಧ ಗಂಟೆ ಸೇರಿಸಿ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಬೆನ್ನಿಗಿದ್ದರೆ ಸಮಯ ಉಳಿಯುತ್ತದೆ, ಎದುರಾದರೆ ಹೆಚ್ಚಾಗುತ್ತದೆ.

ಎಲ್ಲರೂ ಎಡವುವುದು ಗಡಿಯಾರದಲ್ಲಿ. ಮೊದಲು ಹೊರಡುವ ಹೊತ್ತನ್ನು ನಮ್ಮ ಸಮಯಕ್ಕೆ ತಿರುಗಿಸಿ, ಆಮೇಲೆ ಗಂಟೆ ಕೂಡಿಸಿ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಶನಿವಾರ ರಾತ್ರಿ 8:30 ಎಂದರೆ ಇಲ್ಲಿ ಆಗಲೇ ಭಾನುವಾರ ಬೆಳಿಗ್ಗೆ 10. ಅದಕ್ಕೆ ಹದಿನೇಳು ಸೇರಿಸಿದರೆ ಸೋಮವಾರ ಬೆಳಗಿನ ಜಾವ 3. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ.

2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹೊರಟು, ಉತ್ತರ ಧ್ರುವದ ಮೇಲೆ ಹಾರಿ, ಸೋಮವಾರ ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರು. ಅದನ್ನು ಹೇಳಿದಾಗಲೇ ದೊಡ್ಡಮ್ಮನ ಮುಖ ಅರಳಿದ್ದು.

ಹೋಗುವಾಗ ಲೆಕ್ಕ ತಿರುಗಾಮುರುಗಾ. ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ.

ಕರೆತರಲು ಹೋಗುವವರು ಒಂದನ್ನು ಮರೆಯಬೇಡಿ: ಸೋಮವಾರ ಬೆಳಗಿನ ಜಾವ ಮೂರು ಎಂದರೆ, ಮೈಸೂರಿನಿಂದ ಕಾರು ಹೊರಡಬೇಕಾದದ್ದು ಭಾನುವಾರ ರಾತ್ರಿ.